ಫೋನ್ ಜೇಬಿನಲ್ಲಿ, ದಾರಿ ಕಿವಿಯಲ್ಲಿ

ಸೈಕಲ್ ಸವಾರಿಗೆ ದಾರಿ ತೋರಿಸಲು, ಹೋದ ಜಾಡನ್ನು ದಾಖಲಿಸಲು ಪ್ರತ್ಯೇಕ ಯಂತ್ರ ಕೊಳ್ಳಬೇಕೇ ಎಂದು ಹೊಸದಾಗಿ ಸೈಕಲ್ ಹಿಡಿದವರು ನನ್ನನ್ನು ಆಗಾಗ ಕೇಳುತ್ತಾರೆ. ಬೇಡ, ಕೈಯಲ್ಲಿರುವ ಫೋನೇ ಸಾಕು ಎನ್ನುತ್ತೇನೆ. ಆದರೆ ಅದನ್ನು ಕಾರಿನಲ್ಲಿ ಬಳಸುವ ಹಾಗೆ ಬಳಸಬಾರದು. ಕಾರಿನವರು ಊರಿನ ಹೆಸರು ಒತ್ತಿ, ಫೋನ್ ಹೇಳಿದ ಕಡೆ ತಿರುಗುತ್ತಾರೆ. ನಾನು ದಾರಿಯನ್ನು ಮನೆಯಲ್ಲೇ ಕುಳಿತು ಆರಿಸುತ್ತೇನೆ. ಆರಿಸಿದ್ದನ್ನು ನೆನಪಿಟ್ಟುಕೊಂಡು ತಿರುವು ಬಂದಾಗ ಹೇಳುವುದು, ಸಾಗಿದ್ದನ್ನು ಬರೆದಿಡುವುದು, ಇವೆರಡೇ ಫೋನಿನ ಕೆಲಸ.

ಹೀಗೇಕೆ ಎಂಬುದಕ್ಕೆ ನಮ್ಮ ಮೈಸೂರು–ಬೆಂಗಳೂರು ಹೆದ್ದಾರಿಯನ್ನೇ ನೋಡಿ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಮಾತ್ರವಲ್ಲ, ಮೋಟಾರು ಇಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ನಾವು ಸರ್ವಿಸ್ ರಸ್ತೆಯಲ್ಲೇ ಸಾಗಬೇಕು. ಕಾರಿಗೆಂದು ಲೆಕ್ಕ ಹಾಕಿದ ದಾರಿ ನಮ್ಮನ್ನು ನೇರವಾಗಿ ಮುಖ್ಯ ಪಥಕ್ಕೆ ಕೊಂಡೊಯ್ಯುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ 2017ರ ಡಿಸೆಂಬರ್‌ನಿಂದ ಇರುವ ದ್ವಿಚಕ್ರ ವಾಹನದ ಆಯ್ಕೆ ಬೈಕಿನವರಿಗಾಗಿ ಮಾಡಿದ್ದು. ನಡಿಗೆಯ ಆಯ್ಕೆ ಒತ್ತಿದರೆ ಹಳ್ಳಿಯೊಳಗಿನ ಒಳ್ಳೆಯ ದಾರಿಗಳು ಸಿಗುತ್ತವೆ, ನಿಜ. ಹಾಗೆಯೇ ಗದ್ದೆಯ ಬದುವಿಗೂ ಇಳಿಸಬಲ್ಲದು. ಪಾಂಡವಪುರ, ಮಂಡ್ಯದ ಕಡೆ ನಾಲೆಯ ಏರಿಯ ಮೇಲೆ ಹೋಗುವ ದಾರಿಗಳು ನನಗೆ ಬಹಳ ಇಷ್ಟ. ಅಲ್ಲಿ ನೆರಳಿದೆ, ಲಾರಿಗಳ ಕಾಟವಿಲ್ಲ. ಆದರೆ ತಡೆಗೋಡೆ ಇಲ್ಲದ ಕಡೆ ಕತ್ತಲಾದ ಮೇಲೆ ಆ ದಾರಿ ಹಿಡಿಯಬಾರದು. ಈ ವಿವೇಚನೆಯನ್ನು ಯಾವ ಆ್ಯಪ್‌ನಿಂದಲೂ ನಿರೀಕ್ಷಿಸುವಂತಿಲ್ಲ.

ದಾರಿ ಆರಿಸಲು ನಾನು ಬಳಸುವುದು ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನು. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ಇದನ್ನು ಜಗತ್ತಿನಾದ್ಯಂತ ಸಾಮಾನ್ಯ ಜನರೇ ತಿದ್ದಿ ಬೆಳೆಸುತ್ತಿದ್ದಾರೆ. ಅದರ ಮೇಲೆ ಕೆಲಸ ಮಾಡುವ ಬಿರೌಟರ್ ಎಂಬ ಉಚಿತ ಸಾಧನವನ್ನು ಕಂಪ್ಯೂಟರಿನಲ್ಲಿ ತೆರೆದು, ಹೋಗಬೇಕಾದ ಊರುಗಳ ಮೇಲೆ ಒಂದೊಂದೇ ಚುಕ್ಕೆ ಇಡುತ್ತಾ ಹೋಗುತ್ತೇನೆ. ಕೆಳಗೆ ಏರಿಳಿತದ ರೇಖೆ ಮೂಡುತ್ತದೆ. ಗೆರೆ ಎಲ್ಲಿ ಕಡಿದಾಗಿ ಏರುತ್ತದೆಯೋ ಅದು ಮಧ್ಯಾಹ್ನದ ಬಿಸಿಲಿಗೆ ಸಿಕ್ಕದಂತೆ ಹೊರಡುವ ಹೊತ್ತನ್ನು ಹೊಂದಿಸುತ್ತೇನೆ. ಅನುಮಾನ ಬಂದ ರಸ್ತೆಯನ್ನು ಉಪಗ್ರಹ ಚಿತ್ರದಲ್ಲಿ ಹಿಗ್ಗಿಸಿ ನೋಡಿದರೆ ಡಾಂಬರೋ ಮಣ್ಣೋ ಬಹುಮಟ್ಟಿಗೆ ತಿಳಿಯುತ್ತದೆ. ಮರ ಮುಚ್ಚಿದ ಕಡೆ ಮಾತ್ರ ಏನೂ ಕಾಣುವುದಿಲ್ಲ.

ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಹೋಗುವುದಿದ್ದರೆ ನಾನು ಶಿರಾಡಿ ಘಾಟಿಯ ಹೆದ್ದಾರಿಯನ್ನು ಬಿಟ್ಟುಬಿಡುತ್ತೇನೆ. ಮಂಗಳೂರಿನಿಂದ ಬರುವ ಟ್ಯಾಂಕರ್‌ಗಳ ನಡುವೆ ಸೈಕಲ್ಲಿಗೆ ಜಾಗವಿಲ್ಲ. ಹೆತ್ತೂರು, ವನಗೂರು, ಬಿಸಿಲೆ, ಕುಲ್ಕುಂದ ಎಂದು ಚುಕ್ಕೆಗಳನ್ನಿಟ್ಟು ಕಾಡಿನೊಳಗಿನ ಕಿರಿದಾದ ರಸ್ತೆಯನ್ನು ಹಿಡಿಸುತ್ತೇನೆ. ಹೀಗೆ ಮಾಡಿದ ದಾರಿಯನ್ನು ಜಿಪಿಎಕ್ಸ್ ಎಂಬ ಪುಟ್ಟ ಕಡತವಾಗಿ ಉಳಿಸಿಕೊಂಡು ಫೋನಿಗೆ ಕಳಿಸಿ, ಓಸ್ಮ್‌ಆ್ಯಂಡ್ ಆ್ಯಪ್‌ನಲ್ಲಿ ತೆರೆಯುತ್ತೇನೆ. ಕರ್ನಾಟಕದ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರುವುದರಿಂದ ಮುಂದೆ ಇಂಟರ್‌ನೆಟ್ ಬೇಕಾಗುವುದಿಲ್ಲ. ಗೂಗಲ್ ಮ್ಯಾಪ್ಸ್‌ನಲ್ಲೂ ನಕ್ಷೆಯನ್ನು ಇಳಿಸಿಕೊಳ್ಳಬಹುದು, ಆದರೆ ಇಂಟರ್‌ನೆಟ್ ಇಲ್ಲದಾಗ ಅದು ಸೈಕಲ್ಲಿನ ಅಥವಾ ನಡಿಗೆಯ ದಾರಿಯನ್ನು ಲೆಕ್ಕ ಹಾಕಿ ಕೊಡುವುದಿಲ್ಲ.

ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ಕೆಲಸ ಮಾಡುವುದಿಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ. ಹಾಗೇನೂ ಇಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಕಳಿಸುವ ಸಂಕೇತವನ್ನು ಫೋನ್ ಸುಮ್ಮನೆ ಕೇಳಿಸಿಕೊಳ್ಳುತ್ತದೆ. ತಾನು ಏನನ್ನೂ ಕಳಿಸಬೇಕಿಲ್ಲ. ಕನಿಷ್ಠ ನಾಲ್ಕು ಉಪಗ್ರಹಗಳು ಸಿಕ್ಕರೆ ಸ್ಥಾನ ಗೊತ್ತಾಗುತ್ತದೆ. ನೆಟ್‌ವರ್ಕ್ ನೆರವಾಗುವುದು ಆರಂಭದಲ್ಲಿ. ಉಪಗ್ರಹ ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ 50 ಬಿಟ್‌ಗಳಂತೆ ನಿಧಾನವಾಗಿ ಬಿತ್ತರಿಸುತ್ತದೆ. ಒಂದು ಉಪಗ್ರಹದ ವಿವರವನ್ನು ಆಲಿಸಲು ಅರ್ಧ ನಿಮಿಷ ಬೇಕು. ಎಲ್ಲ ಉಪಗ್ರಹಗಳ ಪಟ್ಟಿಯನ್ನು ಆಕಾಶದಿಂದಲೇ ಪಡೆಯಲು ಹನ್ನೆರಡೂವರೆ ನಿಮಿಷ. ಅದೇ ಮಾಹಿತಿಯನ್ನು ಫೋನ್ ಇಂಟರ್‌ನೆಟ್‌ನಿಂದ ಕೂಡಲೇ ತರಿಸಿಕೊಳ್ಳುತ್ತದೆ. ಆದ್ದರಿಂದ ನೆಟ್‌ವರ್ಕ್ ಚೆನ್ನಾಗಿರುವ ಊರಿನಲ್ಲೇ, ತೆರೆದ ಆಕಾಶದ ಕೆಳಗೆ ನಿಂತು ದಾಖಲೆಯನ್ನು ಶುರು ಮಾಡಿ, ಸ್ಥಾನ ನೆಲೆಗೊಂಡಿತೆಂದು ಖಚಿತವಾದ ಮೇಲೆ ಪೆಡಲ್ ತುಳಿಯುತ್ತೇನೆ.

ಇನ್ನು ಫೋನನ್ನು ಎಲ್ಲಿಡಬೇಕು ಎಂಬ ಮಾತು. ಹ್ಯಾಂಡಲ್ಲಿಗೆ ಕಟ್ಟುವ ಹಿಡಿಕೆಗಳು ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತವೆ. ನಾನು ಅವನ್ನು ಬಳಸುವುದಿಲ್ಲ. ಬಿಸಿಲಿನಲ್ಲಿ ಪರದೆ ಕಾಣಬೇಕೆಂದರೆ ಬೆಳಕನ್ನು ಪೂರ್ತಿ ಏರಿಸಬೇಕು, ಆಗ ಬ್ಯಾಟರಿ ಕರಗುತ್ತದೆ, ಫೋನ್ ಕಾಯುತ್ತದೆ. ಐಫೋನನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಬೇಕೆಂದು ಅದನ್ನು ತಯಾರಿಸಿದವರೇ ಹೇಳುತ್ತಾರೆ. ನಮ್ಮ ಏಪ್ರಿಲ್ ಬಿಸಿಲು ಅದನ್ನು ಸುಲಭವಾಗಿ ದಾಟುತ್ತದೆ. ಮಳೆ ಬಂದರೆ ಹನಿ ಬಿದ್ದ ಕಡೆಯೆಲ್ಲ ಬೆರಳು ಮುಟ್ಟಿತೆಂದು ಪರದೆ ತಿಳಿದುಕೊಳ್ಳುತ್ತದೆ. ಬೈಕ್ ಎಂಜಿನ್ನಿನ ಅದುರಾಟದಿಂದ ಕ್ಯಾಮೆರಾದ ಸ್ಥಿರತೆ ಕಾಯುವ ಭಾಗ ಕೆಡಬಹುದೆಂದು ಆ್ಯಪಲ್ 2021ರ ಸೆಪ್ಟೆಂಬರ್‌ನಲ್ಲಿ ಎಚ್ಚರಿಸಿತ್ತು. ಸೈಕಲ್ಲಿಗೆ ಎಂಜಿನ್ ಇಲ್ಲದಿದ್ದರೂ ಮಲೆನಾಡಿನ ಗುಂಡಿಗಳ ಮೇಲೆ ಗಂಟೆಗಟ್ಟಲೆ ಕುಲುಕುವುದಕ್ಕೆ ನನ್ನ ಫೋನನ್ನು ಒಡ್ಡಲು ನನಗೆ ಮನಸ್ಸಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಣ್ಣು ಇರಬೇಕಾದ್ದು ರಸ್ತೆಯ ಮೇಲೆ. ಎದುರಿಗೆ ಪರದೆ ಇದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ.

ಹಾಗಾಗಿ ಫೋನ್ ಪ್ಲಾಸ್ಟಿಕ್ ಜಿಪ್ ಚೀಲವೊಂದರಲ್ಲಿ ಅಂಗಿಯ ಬೆನ್ನಿನ ಜೇಬು ಸೇರುತ್ತದೆ, ಪರದೆ ಆರಿಸಿ. ಬೆವರು ತಾಗದಿರಲಿ ಎಂದೇ ಆ ಚೀಲ. ಎಡ ಕಿವಿಗೆ ಮಾತ್ರ ಇಯರ್‌ಫೋನ್ ಹಾಕುತ್ತೇನೆ. ನಮ್ಮಲ್ಲಿ ವಾಹನಗಳು ನಮ್ಮ ಬಲಗಡೆಯಿಂದ ಹಾದು ಹೋಗುವುದರಿಂದ ಬಲ ಕಿವಿ ಪೂರ್ತಿ ತೆರೆದಿರಲೇಬೇಕು. ತಿರುವಿಗೆ ಮುಂಚೆ ಒಂದು ಮಾತು, ತಿರುವಿನಲ್ಲಿ ಒಂದು ಮಾತು ಬಂದರೆ ನನಗೆ ಸಾಕು. ಕವಲಿನಲ್ಲಿ ಗೊಂದಲವಾದರೆ ರಸ್ತೆಯಿಂದ ಕೆಳಗಿಳಿದು ನಿಂತು ನಕ್ಷೆ ನೋಡುತ್ತೇನೆ.

ಪರದೆ ಆರಿದ್ದರೆ ಹಗಲಿಡೀ ದಾಖಲಿಸಿದರೂ ಒಳ್ಳೆಯ ಬ್ಯಾಟರಿ ಸಂಜೆಯವರೆಗೆ ಬಾಳುತ್ತದೆ. ಕಾಡಿನಲ್ಲಿ ಅದನ್ನು ತಿನ್ನುವುದು ಜಿಪಿಎಸ್‌ಗಿಂತ ಹೆಚ್ಚಾಗಿ ನೆಟ್‌ವರ್ಕಿನ ಹುಡುಕಾಟ. ಜಾತ್ರೆಯಲ್ಲಿ ಮಗುವಿನ ಕೈ ತಪ್ಪಿದ ತಾಯಿಯಂತೆ ಫೋನ್ ಟವರನ್ನು ಹುಡುಕುತ್ತಲೇ ಇರುತ್ತದೆ. ಆದ್ದರಿಂದ ವನಗೂರು ದಾಟಿದ ಮೇಲೆ ಏರೋಪ್ಲೇನ್ ಮೋಡ್ ಹಾಕಿಬಿಡುತ್ತೇನೆ; ಈಗಿನ ಫೋನ್‌ಗಳಲ್ಲಿ ಆಗಲೂ ಜಿಪಿಎಸ್ ನಡೆಯುತ್ತದೆ. ಇನ್ನೊಂದು ಸಂಗತಿಯನ್ನು ಆಂಡ್ರಾಯ್ಡ್ ಬಳಸುವವರು ಮರೆಯಬಾರದು. ಬ್ಯಾಟರಿ ಉಳಿಸುವ ನೆಪದಲ್ಲಿ ಎಷ್ಟೋ ಫೋನ್‌ಗಳು, ಪರದೆ ಆರಿದ ಕೆಲ ಹೊತ್ತಿಗೆ ಹಿನ್ನೆಲೆಯ ಆ್ಯಪ್‌ಗಳನ್ನು ನಿಲ್ಲಿಸಿಬಿಡುತ್ತವೆ. ಜಾಡು ಅರ್ಧಕ್ಕೇ ತುಂಡಾಗಲು ಬಹುಪಾಲು ಇದೇ ಕಾರಣ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ಬಳಕೆಗೆ ಇರುವ ನಿರ್ಬಂಧವನ್ನು ತೆಗೆದರೆ ಸಮಸ್ಯೆ ಮುಗಿಯಿತು. ಪವರ್ ಬ್ಯಾಂಕ್ ಬೇಕಾಗುವುದು ರಾತ್ರಿಯೂ ತುಳಿಯುವವರಿಗೆ. ಬ್ರೆವೆ ಎಂಬ ದೂರದ ಸೈಕಲ್ ಸವಾರಿಗಳಲ್ಲಿ 300 ಕಿ.ಮೀ.ಗೆ 20 ಗಂಟೆ, 400 ಕಿ.ಮೀ.ಗೆ 27 ಗಂಟೆ ಕಾಲಮಿತಿ ಇರುವಾಗ ಅದಿಲ್ಲದೆ ಆಗದು. ಅದರ ಮೇಲೆ 10,000 ಎಂಎಎಚ್ (mAh) ಎಂದು ಬರೆದಿದ್ದರೂ ವೋಲ್ಟೇಜ್ ಏರಿಸುವಾಗ ಆಗುವ ನಷ್ಟ ಕಳೆದು ಫೋನಿಗೆ ಸಿಗುವುದು ಸುಮಾರು ಮೂರನೇ ಎರಡು ಭಾಗವಷ್ಟೇ ಎಂದು ಲೆಕ್ಕವಿಟ್ಟುಕೊಳ್ಳಿ.

ದಾಖಲಾದ ಜಾಡನ್ನು ಓದುವುದು ನನಗೆ ಸವಾರಿಯಷ್ಟೇ ಪ್ರಿಯವಾದ ಕೆಲಸ. ಅದನ್ನು ಎಷ್ಟು ನಂಬಬೇಕೆಂದು ತಿಳಿದು ಓದಬೇಕು. ಚಹಾಕ್ಕೆ ನಿಂತಾಗ ಸ್ಥಾನ ಅತ್ತಿತ್ತ ಅಲುಗಿ, ಕದಲದೆಯೇ ದೂರ ಕೂಡಿಕೊಳ್ಳುತ್ತದೆ. ಇದನ್ನು ತಡೆಯಲು, ನಾವು ನಿಂತಾಗ ದಾಖಲೆಯೂ ತಾನಾಗಿ ನಿಲ್ಲುವ ವ್ಯವಸ್ಥೆ ಆ್ಯಪ್‌ಗಳಲ್ಲಿದೆ. ಆದರೆ ಕಡಿದಾದ ಏರಿನಲ್ಲಿ ನಮ್ಮ ವೇಗ ನಡಿಗೆಯಷ್ಟಕ್ಕೆ ಇಳಿದಾಗ ನಾವು ನಿಂತೆವೆಂದೇ ಅದು ಭಾವಿಸಬಹುದು. ಘಾಟಿ ಹತ್ತುವ ದಿನ ನಾನು ಆ ವ್ಯವಸ್ಥೆಯನ್ನು ಆಫ್ ಮಾಡಿಡುತ್ತೇನೆ. ಸೆಕೆಂಡಿಗೊಂದು ಚುಕ್ಕೆಯ ಬದಲು ದೂರ ದೂರಕ್ಕೆ ಚುಕ್ಕೆ ಇಡುವಂತೆ ಹೊಂದಿಸಿದ್ದರೆ, ಆಗುಂಬೆಯಂಥ ಹಿಮ್ಮುರಿ ತಿರುವುಗಳಲ್ಲಿ ಗೆರೆ ಮೂಲೆಗಳನ್ನು ಕತ್ತರಿಸಿ ದೂರ ಕಡಿಮೆ ಕಾಣಿಸುತ್ತದೆ.

ಎತ್ತರದ ಲೆಕ್ಕ ಇನ್ನೂ ಸೂಕ್ಷ್ಮ. ಉಪಗ್ರಹಗಳೆಲ್ಲ ನಮ್ಮ ಮೇಲ್ಗಡೆಯೇ ಇವೆ, ನೆಲದ ಕೆಳಗಿನಿಂದ ಯಾವ ಸಂಕೇತವೂ ಬರುವುದಿಲ್ಲ. ಅದಕ್ಕೇ ಜಿಪಿಎಸ್ ಅಡ್ಡ ನೆಲೆಯಲ್ಲಿ ಇರುವಷ್ಟು ಖಚಿತವಾಗಿ ಎತ್ತರದಲ್ಲಿ ಇರುವುದಿಲ್ಲ. ಕೆಲವು ಫೋನ್‌ಗಳಲ್ಲಿ ವಾಯುಭಾರ ಅಳೆಯುವ ಸಂವೇದಕವಿದೆ. ಏರಿಳಿತವನ್ನು ಅದು ಚೆನ್ನಾಗಿ ಹಿಡಿಯುತ್ತದೆ, ಮೋಡ ಕವಿದು ಒತ್ತಡ ಬದಲಾದರೆ ತುಸು ಸರಿಯುತ್ತದೆ. ಅದಿಲ್ಲದಿದ್ದರೆ ಹಲವು ಆ್ಯಪ್‌ಗಳು ನೆಲದ ಎತ್ತರದ ಸಿದ್ಧ ದತ್ತಾಂಶವನ್ನು ಬಳಸುತ್ತವೆ. ಅವುಗಳಲ್ಲಿ ಪ್ರಸಿದ್ಧವಾದದ್ದು 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದು ತಂದದ್ದು. ಅದರಲ್ಲಿ ಸುಮಾರು 30 ಮೀಟರಿಗೊಂದು ಬಿಂದು. ದಟ್ಟ ಕಾಡಿನಲ್ಲಿ ಆ ರೇಡಾರ್ ಅಲೆ ನೆಲ ಮುಟ್ಟುವ ಮೊದಲೇ ಮರಗಳಿಂದ ಮರಳಿದ್ದುಂಟು. ಹಾಗಾಗಿ ಬಿಸಿಲೆಯ ಏರನ್ನು ಎರಡು ಆ್ಯಪ್‌ಗಳು ಎರಡು ರೀತಿ ಹೇಳಿದರೆ ಯಾವುದು ಸುಳ್ಳೆಂದು ತಲೆಕೆಡಿಸಿಕೊಳ್ಳಬೇಕಿಲ್ಲ. ನಾನು ಒಂದೇ ಆ್ಯಪ್‌ನ ಅಂಕಿಗಳನ್ನು, ಒಂದೇ ರಸ್ತೆಯ ಹಳೆಯ ಸವಾರಿಗಳ ಜೊತೆ ಮಾತ್ರ ಹೋಲಿಸುತ್ತೇನೆ. ಆಗ ನಿಜಕ್ಕೂ ಕಲಿಯುವುದಿದೆ. ಯಾವ ಹೊತ್ತಿನಲ್ಲಿ ಕಾಲು ಸೋಲುತ್ತದೆ, ಊಟದ ನಿಲುಗಡೆ ಎಷ್ಟು ಸಮಯ ನುಂಗುತ್ತದೆ, ಮುಂದಿನ ಬಾರಿ ಎಲ್ಲಿ ನೀರು ತುಂಬಿಸಿಕೊಳ್ಳಬೇಕು ಎಂಬುದೆಲ್ಲ ಆ ಗೆರೆಯಲ್ಲಿದೆ.

ಜಾಡನ್ನು ಎಲ್ಲರಿಗೂ ಕಾಣುವಂತೆ ಹಂಚುವ ಮೊದಲು ಮನೆಯ ಸುತ್ತಲಿನ ಭಾಗವನ್ನು ಮರೆಮಾಡಿ. ಸವಾರಿ, ಓಟಗಳನ್ನು ದಾಖಲಿಸುವ ಸ್ಟ್ರಾವಾ ಆ್ಯಪ್ ಪ್ರಕಟಿಸಿದ್ದ ಜಾಗತಿಕ ಜಾಡುಗಳ ನಕ್ಷೆಯಲ್ಲಿ ಸೇನಾ ನೆಲೆಗಳ ಒಳದಾರಿಗಳೂ ಮೂಡಿದ್ದವೆಂಬುದು 2018ರ ಜನವರಿಯಲ್ಲಿ ಬೆಳಕಿಗೆ ಬಂದಿತ್ತು. ಒಬ್ಬರ ಮನೆ, ಅವರು ಹೊರಡುವ ಹೊತ್ತು ಅದಕ್ಕಿಂತ ಸುಲಭವಾಗಿ ಗೊತ್ತಾಗುತ್ತದೆ.

ಮನೆಯವರಿಗೆ ಮಾತ್ರ ಎಲ್ಲವೂ ತಿಳಿದಿರಬೇಕು. ವಾಟ್ಸ್‌ಆ್ಯಪ್‌ನ ಲೈವ್ ಲೊಕೇಶನ್ ಒಮ್ಮೆಗೆ ಎಂಟು ಗಂಟೆಯವರೆಗೆ ನಡೆಯುತ್ತದೆ, ಆದರೆ ನೆಟ್‌ವರ್ಕ್ ಇದ್ದರಷ್ಟೇ. ಘಾಟಿಯಲ್ಲಿ ಚುಕ್ಕೆ ನಿಂತುಹೋದರೆ ಮನೆಯಲ್ಲಿ ಆತಂಕ ಶುರುವಾಗುತ್ತದೆ. ಅದಕ್ಕೆ ಹೊರಡುವ ಮುನ್ನವೇ ಹೆಂಡತಿಗೆ ಹೇಳಿರುತ್ತೇನೆ: "ವನಗೂರು ದಾಟಿದ ಮೇಲೆ ಕುಲ್ಕುಂದ ಬರುವವರೆಗೆ ಫೋನ್ ಸಿಗುವುದಿಲ್ಲ. ಮೂರು ಗಂಟೆಯೊಳಗೆ ಸಂದೇಶ ಬರದಿದ್ದರೆ ಆಗ ಯೋಚಿಸು." ಡೇಟಾ ಸಿಗದ ಕಡೆಯೂ ಸಾದಾ ಎಸ್‌ಎಂಎಸ್ ಹೋಗುವುದುಂಟು. ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶದ ನಾಲ್ಕು ಸ್ಥಾನದವರೆಗೆ ಬರೆದು ಕಳಿಸಿದರೆ ಸುಮಾರು 11 ಮೀಟರ್ ಆಸುಪಾಸಿನಲ್ಲಿ ನಮ್ಮನ್ನು ಗುರುತಿಸಬಹುದು. 112ಕ್ಕೆ ಕರೆ ಮಾಡಿದಾಗಲೂ ಆ ಅಂಕಿಗಳನ್ನೇ ಓದಿ ಹೇಳುವುದು ಒಳ್ಳೆಯದು. ಕಾಡಿನ ರಸ್ತೆಗೆ ವಿಳಾಸವಿರುವುದಿಲ್ಲ.

ಇಷ್ಟೆಲ್ಲ ಇದ್ದರೂ ಹೆತ್ತೂರಿನಲ್ಲಿ ನಿಂತು ಕೇಳದೆ ನಾನು ಮುಂದಕ್ಕೆ ಹೋಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಶಿರಾಡಿ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಗುಡ್ಡ ಕುಸಿದು ಮುಚ್ಚಿದ್ದವು. ಫೋನಿಗೆ ಇಳಿಸಿಕೊಂಡ ನಕ್ಷೆಗೆ ಇಂಥ ಸುದ್ದಿ ತಲುಪುವುದಿಲ್ಲ. ಆನೆಯ ವಿಷಯವಂತೂ ಹೋಟೆಲಿನವರ ಬಳಿಯೇ ಕೇಳಬೇಕು. "ಸಾರ್, ಬೆಳಗಿನ ಬಸ್ಸು ಹೋಗಲಿ, ಅದರ ಹಿಂದೆ ಹೊರಡಿ" ಎಂದರೆ ಇನ್ನೊಂದು ಲೋಟ ಕಾಫಿ ಹೇಳಿ ಕಾಯುತ್ತೇನೆ.

ಮರಳಿ ಬಂದ ಮೇಲೆ ಒಂದು ಕೆಲಸ ಉಳಿದಿರುತ್ತದೆ, ಅದನ್ನು ನಾನು ಬಿಡುವುದಿಲ್ಲ. ಎಲ್ಲಿ ಡಾಂಬರು ಮುಗಿದು ಕಾಂಕ್ರೀಟು ಶುರುವಾಯಿತು, ಎಲ್ಲಿ ಕುಡಿಯುವ ನೀರು ಸಿಕ್ಕಿತು, ಯಾವ ಸೇತುವೆ ಹೊಸದು ಎಂಬುದನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಸೇರಿಸುತ್ತೇನೆ. ಬೇರೆ ನಕ್ಷೆಗಳಿಂದ ನಕಲು ಮಾಡುವುದಕ್ಕೆ ಅಲ್ಲಿ ಅವಕಾಶವಿಲ್ಲ, ಕಣ್ಣಾರೆ ಕಂಡದ್ದನ್ನು ಬರೆಯಬೇಕು. ಊರಿನ ಹೆಸರನ್ನು ಕನ್ನಡದಲ್ಲಿ ದಾಖಲಿಸಲು ಪ್ರತ್ಯೇಕ ಜಾಗವೇ ಇದೆ. ನಮ್ಮ ಎಷ್ಟೋ ಹಳ್ಳಿಗಳಿಗೆ ಅದು ಖಾಲಿ ಇದೆ. ಬಸ್ ನಿಲ್ದಾಣದ ಫಲಕದ ಫೋಟೊ ತೆಗೆದುಕೊಂಡು ಬಂದರೆ ಕಾಗುಣಿತ ತಪ್ಪುವುದಿಲ್ಲ.