ಬರಹದ ಧಾಟಿಗೆ ಸರಿಯಾದ ಪದ ಹುಡುಕುವುದು ಹೇಗೆ?

ಒಂದು ಲೇಖನ ಓದಿ ಮುಗಿಸಿದವರನ್ನು "ಬರೆದವರ ಧಾಟಿ ಹೇಗಿದೆ?" ಎಂದು ಕೇಳಿ ನೋಡಿ. ಹೆಚ್ಚಾಗಿ ಬರುವ ಉತ್ತರ ಎರಡೇ: "ಚೆನ್ನಾಗಿದೆ" ಅಥವಾ "ಸ್ವಲ್ಪ ನೆಗೆಟಿವ್ ಆಗಿದೆ". ಎರಡರಿಂದಲೂ ಏನೂ ತಿಳಿಯುವುದಿಲ್ಲ. ಮೊದಲನೆಯದು ಬರೀ ಮೆಚ್ಚುಗೆ. ಎರಡನೆಯದರಲ್ಲಿ ಬೇಸರ, ಸಿಟ್ಟು, ಅನುಮಾನ, ತಾತ್ಸಾರ ಎಲ್ಲವೂ ಒಂದೇ ಕಡೆ ಸೇರಿಕೊಂಡಿವೆ. ಇವಕ್ಕೆಲ್ಲ ಕನ್ನಡದಲ್ಲಿ ಬೇರೆ ಬೇರೆ ಪದಗಳು ಧಾರಾಳವಾಗಿವೆ. ದಿನಾ ಬಳಸುವ ಪದಗಳೇ, ಆದರೆ ಬೇಕಾದ ಹೊತ್ತಿಗೆ ನೆನಪಾಗುವುದಿಲ್ಲ.

ಉತ್ತರ ಪತ್ರಿಕೆ ಬರೆಯುವ ವಿದ್ಯಾರ್ಥಿಗೆ, ಪುಸ್ತಕ ವಿಮರ್ಶೆ ಮಾಡುವವರಿಗೆ, ಬೇರೆಯವರ ಬರಹ ತಿದ್ದುವವರಿಗೆ ಈ ಪದಗಳು ಬೇಕೇ ಬೇಕು. ಸುಮ್ನೆ ಪಟ್ಟಿ ಬಾಯಿಪಾಠ ಮಾಡಿದರೆ ಪ್ರಯೋಜನ ಕಡಿಮೆ. ಆರಿಸಿದ ಪದಕ್ಕೆ ಸಾಲಿನೊಳಗೆ ಸಾಕ್ಷಿ ತೋರಿಸಲು ಬರಬೇಕು. ಅದನ್ನು ಹಂತ ಹಂತವಾಗಿ ನೋಡೋಣ.

ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ

ಬರೆದವರಿಗೆ ವಿಷಯದ ಬಗ್ಗೆ ಏನನ್ನಿಸಿದೆ? ಓದುವವರನ್ನು ಅವರು ಹೇಗೆ ಮಾತಾಡಿಸುತ್ತಿದ್ದಾರೆ? ಇವೆರಡೂ ಬೇರೆ ಬೇರೆ. ಇಂಗ್ಲಿಷ್ ವಿಮರ್ಶಕ ಐ. ಎ. ರಿಚರ್ಡ್ಸ್ 1929ರಲ್ಲೇ ಇದನ್ನು ಬಿಡಿಸಿ ತೋರಿಸಿದ್ದರು. ವಿಷಯದ ಕಡೆಗಿನದು ಭಾವ, ಕೇಳುವವರ ಕಡೆಗಿನದು ದನಿ ಎಂದು ಅವರು ವಿಂಗಡಿಸಿದರು. ನಮ್ಮ ಬಳಕೆಗೆ ಮೊದಲನೆಯದನ್ನು ಧೋರಣೆ, ಎರಡನೆಯದನ್ನು ಧಾಟಿ ಎಂದುಕೊಂಡರೆ ಸಾಕು.

ಈ ಸಾಲು ನೋಡಿ: "ಸಿಗರೇಟು ಬಿಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೂ ಬಿಡಿ, ಇವತ್ತೇ ಬಿಡಿ. ಅದು ನಿಮ್ಮನ್ನು ಉಳಿಸುವುದಿಲ್ಲ." ಸಿಗರೇಟಿನ ಬಗ್ಗೆ ಧೋರಣೆ ಕಟುವಾಗಿದೆ. ಸೇದುವವರ ಜೊತೆಗಿನ ಧಾಟಿಯಲ್ಲಿ ಮಾತ್ರ ಕಳಕಳಿಯಿದೆ. "ಲೇಖಕರು ಕಟುವಾಗಿ ಬರೆದಿದ್ದಾರೆ" ಎಂದಷ್ಟೇ ಹೇಳಿದರೆ ಅರ್ಧ ಸತ್ಯವನ್ನು ಬಿಟ್ಟಂತಾಗುತ್ತದೆ.

ಒಂದೇ ಸಂಗತಿಯನ್ನು ಬೇರೆ ಬೇರೆಯಾಗಿ ಬರೆದು ನೋಡಿ

ಕಿವಿ ಪಳಗಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಕಂಡಿಲ್ಲ. ಸಭೆಯೊಂದು ಅರ್ಧ ಗಂಟೆ ತಡವಾಯಿತು ಎಂದುಕೊಳ್ಳಿ.

"ಸಭೆ ಅರ್ಧ ಗಂಟೆ ತಡವಾಗಿ ಆರಂಭವಾಯಿತು." ಇದು ತಟಸ್ಥ. ನಡೆದದ್ದನ್ನು ಹೇಳಿ ಸುಮ್ಮನಾಗಿದೆ.

"ಅಂತೂ ಇಂತೂ ಸಭೆ ಆರಂಭವಾಯಿತು." ಇಲ್ಲಿ ಅಸಹನೆ ಇದೆ. ತಡವಾಯಿತು ಎಂಬ ಮಾತೇ ಇಲ್ಲ. 'ಅಂತೂ ಇಂತೂ' ಆ ಕೆಲಸ ಮಾಡಿದೆ.

"ಸಮಯಪಾಲನೆಯ ಮಹತ್ವ ಕುರಿತ ಸಭೆ ಅರ್ಧ ಗಂಟೆ ತಡವಾಗಿ ಆರಂಭವಾಯಿತು." ಇದು ವ್ಯಂಗ್ಯ. ಬರೆದವರು ಒಂದೂ ಕೆಟ್ಟ ಮಾತು ಆಡಿಲ್ಲ. ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟಿದ್ದಾರೆ, ಅಷ್ಟೆ.

"ದೂರದಿಂದ ಬರುವವರಿಗಾಗಿ ಅರ್ಧ ಗಂಟೆ ಕಾದು ಸಭೆ ಆರಂಭಿಸಿದರು." ಇದರಲ್ಲಿ ಸಹಾನುಭೂತಿ ಇದೆ. ತಡ ಎಂಬುದು ಕಾಯುವಿಕೆಯಾಗಿ ಬದಲಾಗಿದೆ.

"ಕಾದು ಕೂತವರ ಸಮಯಕ್ಕೆ ಬೆಲೆಯೇ ಇಲ್ಲವೇ?" ಇದು ಆಕ್ರೋಶ. ಸಭೆ ಎಂಬ ಪದವೇ ಮಾಯವಾಗಿ, ಬರೀ ನೊಂದವರ ಪರ ನಿಂತ ಪ್ರಶ್ನೆ ಉಳಿದಿದೆ.

ನೀವೂ ಯಾವುದಾದರೂ ಸಾಮಾನ್ಯ ಸಂಗತಿ ಹಿಡಿದು ಹೀಗೆ ಬರೆಯಿರಿ. ಬರೆದ ಸಾಲಿನ ಪಕ್ಕದಲ್ಲಿ ಒಂದೇ ಪದದಲ್ಲಿ ಧಾಟಿಯ ಹೆಸರು ಗುರುತು ಹಾಕಿ.

ಹತ್ತಿರದ ಪದಗಳನ್ನು ಬೇರ್ಪಡಿಸಿ

ಎಡವುವುದು ಜಾಸ್ತಿ ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ. ನಗುವಿನ ಪದಗಳನ್ನೇ ಮೊದಲು ತೆಗೆದುಕೊಳ್ಳಿ. ಎಲ್ಲವನ್ನೂ 'ಹಾಸ್ಯ' ಎಂದು ಕರೆದರೆ ಬರೆದವರ ಮನಸ್ಸು ಗೊತ್ತಾಗುವುದಿಲ್ಲ. ಈ ನಗುವಿನಿಂದ ಯಾರಿಗೆ ನೋವಾಗುತ್ತದೆ ಎಂದು ಕೇಳಿಕೊಳ್ಳಿ. ಯಾರಿಗೂ ಇಲ್ಲವಾದರೆ ತಿಳಿಹಾಸ್ಯ. ಪ್ರೀತಿ ಇಟ್ಟುಕೊಂಡೇ ಕಾಲೆಳೆದರೆ ಕೀಟಲೆ. ಹೇಳುವುದು ಒಂದು, ಅನ್ನಿಸುವುದು ಇನ್ನೊಂದು ಆದರೆ ವ್ಯಂಗ್ಯ. ಒಳ್ಳೆಯ ಮಾತಿನ ನಡುವೆ ಸಣ್ಣ ಮುಳ್ಳು ಇಟ್ಟರೆ ಅದು ಕೊಂಕು. ಎದುರಿಗೇ ಆಡಿಕೊಂಡರೆ ಲೇವಡಿ. ಇನ್ನೊಬ್ಬರ ಮಾತಿನ ರೀತಿಯನ್ನೇ ಹಿಡಿದು ಹಾಗೇ ಆಡಿ ತೋರಿಸಿದರೆ ಅಣಕ. ಇನ್ನೊಬ್ಬರು ಕೆಡಲಿ ಎಂಬ ಆಸೆ ಒಳಗಿದ್ದರೆ ಕುಹಕ. ವಿಡಂಬನೆಯ ಗುರಿ ದೊಡ್ಡದು. ಅದು ಸಮಾಜದ, ವ್ಯವಸ್ಥೆಯ ಹುಳುಕನ್ನು ನಗುವಿನ ಮೂಲಕ ತೋರಿಸುತ್ತದೆ. ವ್ಯಂಗ್ಯ ಒಂದೇ ಸಾಲಿನಲ್ಲಿ ಮುಗಿಯಬಹುದು, ವಿಡಂಬನೆ ಹೆಚ್ಚಾಗಿ ಇಡೀ ಬರಹಕ್ಕೆ ಹಬ್ಬಿರುತ್ತದೆ. ವಿಡಂಬನೆ ಬರೆದವರನ್ನು ಕುಹಕಿ ಎಂದು ಕರೆಯುವುದು ದೊಡ್ಡ ಅನ್ಯಾಯ. ಈ ಒಂದು ವ್ಯತ್ಯಾಸವನ್ನಾದರೂ ದಯವಿಟ್ಟು ನೆನಪಿಟ್ಟುಕೊಳ್ಳಿ.

ಇನ್ನೊಂದು ಗುಂಪು, ದೂರ ನಿಂತು ಬರೆಯುವವರದು. ಎರಡೂ ಕಡೆಯವರ ಮಾತು ಕೇಳಿಸಿ ಯಾರ ಪಕ್ಷವನ್ನೂ ಹಿಡಿಯದಿದ್ದರೆ ತಟಸ್ಥ. ತನಗೆ ಅನ್ನಿಸಿದ್ದನ್ನು ಬರಹಕ್ಕೆ ಅಂಟಿಸದಿದ್ದರೆ ನಿರ್ಲಿಪ್ತ. ಸಾವು ನೋವಿನ ವಿಷಯವನ್ನೂ ನಿರ್ಲಿಪ್ತವಾಗಿ ಬರೆಯಬಹುದು, ಅದರಿಂದಲೇ ಓದುವವರಿಗೆ ಇನ್ನೂ ಜಾಸ್ತಿ ತಟ್ಟಬಹುದು. ಆಸಕ್ತಿಯೇ ಇಲ್ಲದಿದ್ದರೆ ಉದಾಸೀನ. ಗಮನ ಕೊಡಲೇಬೇಕಾದ ಕಡೆ ಕೊಡದಿದ್ದರೆ ಅಸಡ್ಡೆ. ಏನಾದರೆ ನನಗೇನು ಎಂದು ಹಗುರವಾಗಿ ಮಾತಾಡಿದರೆ ಉಡಾಫೆ. ಇದೆಲ್ಲ ನನ್ನ ಮಟ್ಟಕ್ಕಿಂತ ಕೆಳಗೆ ಎಂಬ ಭಾವವಿದ್ದರೆ ತಾತ್ಸಾರ. ಮೊದಲ ಎರಡು ಪದಗಳನ್ನು ಮೆಚ್ಚುಗೆಯಾಗಿಯೂ ಬಳಸಬಹುದು. ಉಳಿದವೆಲ್ಲ ಆಕ್ಷೇಪದ ಪದಗಳು. ವರದಿಗಾರರನ್ನು ನಿರ್ಲಿಪ್ತ ಎನ್ನಬೇಕಾದ ಕಡೆ ಉದಾಸೀನ ಎಂದರೆ ಹೊಗಳಿಕೆ ಹೋಗಿ ದೂರಾಗುತ್ತದೆ.

ಮರುಕದ ಪದಗಳಲ್ಲಿ ನೋಡಬೇಕಾದದ್ದು ಬರೆದವರು ಎಲ್ಲಿ ನಿಂತಿದ್ದಾರೆ ಎಂಬುದನ್ನು. ಸಹಾನುಭೂತಿ ಪಕ್ಕದಲ್ಲಿ ನಿಲ್ಲುತ್ತದೆ. ಕನಿಕರ ಕೆಲವೊಮ್ಮೆ ಸ್ವಲ್ಪ ಮೇಲಿನಿಂದ ನೋಡುತ್ತದೆ. ಸಿಟ್ಟಿನ ಪದಗಳಿಗೆ ಏರುವ ಕ್ರಮವಿದೆ: ಅಸಮಾಧಾನ, ಸಿಟ್ಟು, ರೋಷ, ಆಕ್ರೋಶ. ಮುನಿಸು ಮಾತ್ರ ಬೇರೆ. ಬೇಕಾದವರ ಮೇಲಷ್ಟೇ ಮುನಿಸಿಕೊಳ್ಳುತ್ತೇವೆ, ಅಲ್ವಾ? ಹಳೆಯ ಸಿಟ್ಟು ಆರದೇ ಉಳಿದಿದ್ದರೆ ಕಹಿ ಎನ್ನಿ.

ಸಾಲಿನಲ್ಲಿ ಸಾಕ್ಷಿ ಹುಡುಕಿ

ಕನ್ನಡದಲ್ಲಿ ಧಾಟಿ ಅಡಗಿರುವುದು ದೊಡ್ಡ ದೊಡ್ಡ ವಿಶೇಷಣಗಳಲ್ಲಿ ಕಡಿಮೆ, ಕ್ರಿಯಾಪದದ ಬಾಲದಲ್ಲಿ ಜಾಸ್ತಿ. "ವರದಿ ಬರೆದರು" ಎಂಬುದು ತಟಸ್ಥ. "ಬರೆದುಕೊಟ್ಟರು" ಎಂದರೆ ಇನ್ನೊಬ್ಬರಿಗೆ ಉಪಕಾರವಾಯಿತು. "ಬರೆದುಬಿಟ್ಟರು" ಎಂದರೆ ಅಚ್ಚರಿ ಅಥವಾ ದುಡುಕು. "ಬರೆದುಹಾಕಿದರು" ಎಂದರೆ ಒಂದೇ ಉಸಿರಿಗೆ, ಕೆಲವೊಮ್ಮೆ ಬೇಕಾಬಿಟ್ಟಿಯಾಗಿ. "ತಮಗೆ ಬೇಕಾದಂತೆ ಬರೆದುಕೊಂಡರು" ಎಂದರೆ ಆರೋಪ. ಎಲ್ಲದರಲ್ಲೂ ನಡೆದ ಕೆಲಸ ಒಂದೇ.

ಇನ್ನೊಬ್ಬರ ಮಾತನ್ನು ಉದ್ಧರಿಸುವಾಗ ಬಳಸುವ ಕ್ರಿಯಾಪದವನ್ನೂ ಬಿಡಬೇಡಿ. "ಸ್ಪಷ್ಟಪಡಿಸಿದರು" ಎಂದು ಬರೆದವರು ಆ ಮಾತನ್ನು ನಂಬಿದ್ದಾರೆ. "ಸಮಜಾಯಿಷಿ ಕೊಟ್ಟರು" ಎಂದು ಬರೆದವರು ಅಷ್ಟಾಗಿ ನಂಬಿಲ್ಲ. "ಒಪ್ಪಿಕೊಂಡರು" ಎಂದರೆ ತಪ್ಪು ಆಗಿತ್ತು ಎಂಬ ತೀರ್ಮಾನ ಆಗಲೇ ಆಗಿಹೋಗಿದೆ.

'ಅಂತೆ' ಸ್ವಲ್ಪ ಹುಷಾರಾಗಿ ನೋಡಬೇಕಾದ ಪದ. "ಅವರಿಗೆ ಹುಷಾರಿರಲಿಲ್ಲವಂತೆ" ಎಂಬಲ್ಲಿ ಅನುಮಾನ ಇದ್ದೇ ಇರುತ್ತದೆ ಎಂದೇನಿಲ್ಲ. ಕೇಳಿದ್ದನ್ನು ಹೇಳಿರಬಹುದು, ಅಷ್ಟೆ. ಮುಂದಿನ ಪದ ನೋಡಿ. "ಹುಷಾರಿರಲಿಲ್ಲವಂತೆ, ಪಾಪ" ಎಂದರೆ ಮರುಕ. "ಹುಷಾರಿರಲಿಲ್ಲವಂತೆ, ಬಿಡಿ" ಎಂದರೆ ನಂಬಿಕೆ ಇಲ್ಲ. ಹಾಗೆಯೇ "ಕವಿತೆ ಗಿವಿತೆ ಬರೆಯುತ್ತಾರೆ" ಎಂಬಲ್ಲಿ 'ಗಿವಿತೆ' ಸೇರಿದ್ದೇ ತಡ, ಬರೆಯುವ ಕೆಲಸ ಹಗುರವಾಗಿಬಿಡುತ್ತದೆ. 'ಮಾತ್ರ', 'ತಾನೇ', 'ಕೂಡ', 'ಆದರೂ' ಇಂಥ ಸಣ್ಣ ಪದಗಳಿಗೂ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಗೆರೆ ಎಳೆಯಲು ಒಂದು ಪದವೂ ಸಿಗದಿದ್ದರೆ ನೀವು ಇಟ್ಟ ಹೆಸರು ಬಹುಶಃ ತಪ್ಪು.

ಒಂಟಿ ಪದ ಸಾಲದಿದ್ದರೆ ಜೋಡಿ ಮಾಡಿ

ಒಳ್ಳೆಯ ಬರಹಕ್ಕೆ ಒಂದೇ ಬಣ್ಣ ಇರುವುದು ಅಪರೂಪ. "ವಿಷಾದವಿದೆ, ಆದರೆ ದೂರು ಇಲ್ಲ", "ಗಂಭೀರ, ಆದರೆ ಬಿಗುಮಾನವಿಲ್ಲದ್ದು", "ಮೊನಚಾದ ಮಾತು, ಒಳಗೆ ಅಕ್ಕರೆ" ಎಂದು ಎರಡು ಪದ ಸೇರಿಸಿದರೆ ವಿವರಣೆ ತಟ್ಟನೆ ನಿಖರವಾಗುತ್ತದೆ. ಮೂರು ನಾಲ್ಕು ಸೇರಿಸಬೇಡಿ, ಮತ್ತೆ ಮಸುಕಾಗುತ್ತದೆ.

ಧಾಟಿ ಬದಲಾಗುವ ಜಾಗವನ್ನೂ ಗುರುತಿಸಿ. 'ಇರಲಿ', 'ಆದರೆ', 'ಹಾಗಿದ್ದರೂ' ಎಂದು ಶುರುವಾಗುವ ಪ್ಯಾರಾ ಹತ್ತಿರ ನಿಂತು ನೋಡಿದರೆ ತಿರುವು ಸಿಗುತ್ತದೆ. "ಮೊದಲು ಮೆಚ್ಚುಗೆಯಿಂದ ಬರೆದ ಲೇಖಕರು ಮೂರನೇ ಪ್ಯಾರಾದಿಂದ ಹಿಂಜರಿಯುತ್ತಾರೆ" ಎನ್ನುವುದು ಒಂದೇ ಹೆಸರು ಕೊಡುವುದಕ್ಕಿಂತ ಉತ್ತಮ ಉತ್ತರ.

ಬೆರೆಸಬಾರದ ಎರಡು ಸಂಗತಿ

ಕಥೆಯ ಪಾತ್ರ ದರ್ಪದಿಂದ ಮಾತಾಡಿದರೆ ಅದು ಪಾತ್ರದ ಧಾಟಿ, ಲೇಖಕರದ್ದಲ್ಲ. ದರ್ಪದ ಮಾತನ್ನು ಬರೆದ ಲೇಖಕರು ಆ ಪಾತ್ರವನ್ನು ಮರುಕದಿಂದ ನೋಡುತ್ತಿರಬಹುದು.

ಎರಡನೆಯದು, ಓದುವಾಗ ನಮಗಾಗುವ ಭಾವ. ಭರತನ ನಾಟ್ಯಶಾಸ್ತ್ರ ಶೃಂಗಾರ, ಹಾಸ್ಯ, ಕರುಣ, ರೌದ್ರ, ವೀರ, ಭಯಾನಕ, ಬೀಭತ್ಸ, ಅದ್ಭುತ ಎಂದು 8 ರಸಗಳನ್ನು ಹೇಳುತ್ತದೆ. ಶಾಂತವನ್ನು ಸೇರಿಸಿ 9 ಎಂದು ಎಣಿಸಿದ್ದು ಆಮೇಲೆ. ರಸವನ್ನು ಸವಿಯುವುದು ಸಹೃದಯರು, ಅಂದರೆ ನೋಡುವವರು, ಓದುವವರು. ಹಾಗಾಗಿ "ಇದರಲ್ಲಿ ಕರುಣ ರಸವಿದೆ" ಎಂದು ಬರೆದರೆ ಧಾಟಿಯ ಪ್ರಶ್ನೆಗೆ ಉತ್ತರ ಕೊಟ್ಟಂತಾಗಲಿಲ್ಲ. ನಿರ್ಲಿಪ್ತವಾಗಿ ಬರೆದದ್ದನ್ನು ಓದಿಯೂ ನಾವು ಅಳಬಹುದು.

ನಿಮ್ಮ ಬರಹಕ್ಕೂ ಇದೇ ಪರೀಕ್ಷೆ

ಕಳಿಸುವ ಮುಂಚೆ ಪತ್ರವನ್ನೋ ಇಮೇಲನ್ನೋ ಒಬ್ಬರಿಗೆ ಓದಲು ಕೊಡಿ. ಹೇಗಿದೆ ಎಂದು ಕೇಳಬೇಡಿ. "ಇದರ ಧಾಟಿಗೆ ಒಂದು ಪದ ಹೇಳಿ, ಆ ಪದ ಹೊಳೆದದ್ದು ಯಾವ ಸಾಲಿನಲ್ಲಿ ಅಂತ ತೋರಿಸಿ" ಎಂದು ಕೇಳಿ. ನೀವು ವಿನಯ ಎಂದುಕೊಂಡದ್ದು ಅವರಿಗೆ ಓಲೈಕೆಯಾಗಿ, ನೇರ ಮಾತು ಎಂದುಕೊಂಡದ್ದು ಒರಟಾಗಿ, ಸಲಹೆ ಎಂದುಕೊಂಡದ್ದು ಉಪದೇಶವಾಗಿ ಕೇಳಿಸಿರಬಹುದು. ಹಾಗಿದ್ದರೆ ಇಡೀ ಪತ್ರ ಹರಿದು ಹಾಕಬೇಕಿಲ್ಲ. ಅವರು ಬೆರಳಿಟ್ಟು ತೋರಿಸಿದ ಸಾಲಿನಲ್ಲಿ "ನೀವು ಮಾಡಲೇಬೇಕು" ಎಂದಿದ್ದರೆ "ಮಾಡಿದರೆ ಅನುಕೂಲ" ಎಂದು ಬದಲಿಸಿ, ಮತ್ತೊಮ್ಮೆ ಓದಿಸಿ.