ಮಡಕೆಯೊಳಗೆ ಟೊಮೆಟೊ: ವಿಜ್ಞಾನ ಮೇಳದ ನನ್ನ ಅನುಭವ

ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹೋಗುವುದು 15 ಕೆಜಿ ಬಾಕ್ಸ್‌ಗಳಲ್ಲಿ. ರೇಟು ಬಿದ್ದ ದಿನ ನಾಲ್ಕು ದಿನದ ಮಟ್ಟಿಗೆ ಹಣ್ಣು ತಡೆದಿಡಲು ಕರೆಂಟಿಲ್ಲದ ದಾರಿ ಇದೆಯೇ ಎಂಬುದು ಹತ್ತನೇ ತರಗತಿಯಲ್ಲಿ ನಾನು ಹಿಡಿದ ಪ್ರಶ್ನೆ. ಮಾಡಿದ್ದು ಮಡಕೆಯೊಳಗೆ ಮಡಕೆ: ಎರಡರ ನಡುವಿನ ಮರಳಿಗೆ ನೀರು ಹಾಕಿ ಒದ್ದೆಯಾಗಿಡುವುದು, ಆ ನೀರು ಹೊರಮಡಕೆಯ ರಂಧ್ರಗಳಿಂದ ಆವಿಯಾಗುತ್ತ ಒಳಗಿನ ಶಾಖವನ್ನು ಒಯ್ಯುತ್ತದೆ. ನೈಜೀರಿಯಾದ ಮೊಹಮ್ಮದ್ ಬಾ ಅಬ್ಬಾ ಅವರಿಗೆ 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ತಂದದ್ದು ಇದೇ ವಿಧಾನ.

ಹೊಟ್ಟೆ ಉಬ್ಬಿದ ಮಡಕೆಗಿಂತ ನೇರ ಗೋಡೆಯ ಮಣ್ಣಿನ ಹೂಕುಂಡ ಒಳ್ಳೆಯದು. ಹೊರಗಿನದರ ಬಾಯಿ 14 ಅಂಗುಲ, ಒಳಗಿನದು 10. ಸುತ್ತ 2 ಅಂಗುಲ ಸಂದು ಸಿಗುತ್ತದೆ. ತಳದ ತೂತುಗಳನ್ನು ಸಿಮೆಂಟಿನಿಂದ ಮುಚ್ಚಬೇಕು, ಇಲ್ಲದಿದ್ದರೆ ನೀರು ಹಣ್ಣಿನ ಬುಡಕ್ಕೇ ಬರುತ್ತದೆ. ತಳದಲ್ಲಿ 2 ಅಂಗುಲ ದಪ್ಪ ಮರಳು, ಅದರ ಮೇಲೆ ಒಳಕುಂಡ, ಸಂದಿನ ತುಂಬ ಮತ್ತೆ ಮರಳು. ತೊಳೆದ ದಪ್ಪ ಮರಳೇ ಆಗಬೇಕು. ಎಂ-ಸ್ಯಾಂಡ್ (ಕಲ್ಲು ಅರೆದು ಮಾಡಿದ ಮರಳು) ಆದರೆ ಕಲ್ಲುಪುಡಿ ಹೋಗುವವರೆಗೆ ತೊಳೆಯಿರಿ. ಒಳಕುಂಡದ ಅಂಚು ಮರಳಿಗಿಂತ ಒಂದು ಅಂಗುಲ ಮೇಲಿರಲಿ. ಮೇಲೆ ಒದ್ದೆ ಗೋಣಿತಾಟು, ಕೆಳಗೆ ಮೂರು ಇಟ್ಟಿಗೆ. ನೆರಳು ಮತ್ತು ಗಾಳಿ ಎರಡೂ ಬೇಕು.

ಚೆಂದಕ್ಕೆಂದು ಹೊರಕುಂಡಕ್ಕೆ ಆಯಿಲ್ ಪೇಂಟ್ ಬಳಿದಿದ್ದೆ. ಬಣ್ಣ ರಂಧ್ರಗಳನ್ನು ಮುಚ್ಚಿದ ಮೇಲೆ ನೀರು ಆವಿಯಾಗುವುದೆಲ್ಲಿಂದ? ಕುಂಡವನ್ನೇ ಬದಲಾಯಿಸಬೇಕಾಯಿತು. ಅಲಂಕಾರ ಬೇಕೇ ಬೇಕೆಂದರೆ ಕೆಮ್ಮಣ್ಣಿನ ತೆಳು ಗೆರೆ ಸಾಕು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು; ಕೆಲವು ದಿನಗಳಲ್ಲೇ ಹೊರಮೈಗೆ ಬಿಳಿ ಉಪ್ಪು ಕಟ್ಟಿ ಇದೇ ತೊಂದರೆ ಮಾಡುತ್ತದೆ. ತೆಂಗಿನ ನಾರಿನಿಂದ ಉಜ್ಜಿ ತೆಗೆಯಬೇಕು.

ಹೋಲಿಕೆಯ ವಿಷಯಕ್ಕೆ ಬಂದರೆ, ಮೊದಲು ನಾನು ಇಟ್ಟಿದ್ದು ಎರಡೇ ಗುಂಪು: ಕುಂಡದಲ್ಲೊಂದು, ಬುಟ್ಟಿಯಲ್ಲೊಂದು. "ತಂಪಾದದ್ದು ನೀರಿನಿಂದಲೋ, ದಪ್ಪ ಮಣ್ಣಿನಿಂದಲೋ?" ಎಂದು ಮೇಷ್ಟ್ರು ಕೇಳಿದಾಗ ಉತ್ತರವಿರಲಿಲ್ಲ. ಆಮೇಲೆ ನೀರು ಹಾಕದ ಅಂಥದೇ ಜೋಡಿ ಕುಂಡವನ್ನು ಪಕ್ಕದಲ್ಲಿಟ್ಟೆ. ಈ ಮೂರನೆಯದು ಇಲ್ಲದೆ ಉಳಿದೆರಡರ ಅಂಕಿಗಳಿಂದ ಏನೂ ತೀರ್ಮಾನವಾಗುವುದಿಲ್ಲ. ಪ್ರತಿ ಗುಂಪಿಗೂ ಒಂದೇ ತೋಟದ, ಒಂದೇ ದಿನ ಕಿತ್ತ, ಗಾಯವಿಲ್ಲದ ದೋರುಗಾಯಿ 1 ಕೆಜಿ. ಪ್ರತಿದಿನ ಒಂದೇ ಹೊತ್ತಿಗೆ ಬಟ್ಟೆಯಲ್ಲಿ ಒರೆಸಿ ತೂಕ. 1000 ಗ್ರಾಂ 940ಕ್ಕೆ ಇಳಿದರೆ ನಷ್ಟ ಶೇ. 6. ಒರೆಸದಿದ್ದರೆ ಸಿಪ್ಪೆಯ ಮೇಲಿನ ತೇವವನ್ನೂ ಹಣ್ಣೆಂದೇ ತೂಗಿದಂತಾಗುತ್ತದೆ. ಕೊಳೆತದ್ದನ್ನು ಅಂದೇ ತೆಗೆದು ಬೇರೆ ಬರೆಯಿರಿ. ಮಾಗಿದ ಮಾವು, ಬಾಳೆ ಜೊತೆಗಿಡಬೇಡಿ. ಅವು ಬಿಡುವ ಎಥಿಲೀನ್ ಅನಿಲಕ್ಕೆ ಟೊಮೆಟೊ ಬೇಗ ಹಣ್ಣಾಗುತ್ತದೆ.

ಥರ್ಮಾಮೀಟರುಗಳನ್ನೆಲ್ಲ ಮೊದಲು ಒಂದೇ ಲೋಟದ ನೀರಿನಲ್ಲಿಟ್ಟು ನೋಡಿ. ಅವುಗಳ ನಡುವೆಯೇ 1 ಡಿಗ್ರಿ ವ್ಯತ್ಯಾಸವಿದ್ದರೆ ಅದನ್ನು ಲೆಕ್ಕದಲ್ಲಿ ಕಳೆಯಬೇಕು. ಕುಂಡದೊಳಗೆ ಗೋಡೆಗೆ ತಾಗದಂತೆ ದಾರದಲ್ಲಿ ತೂಗುಬಿಡಿ.

ನನಗೆ ಹೆಚ್ಚು ಕಲಿಸಿದ್ದು ತೀರ್ಪುಗಾರರ ಒಂದು ಪ್ರಶ್ನೆ. 1 ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಅಷ್ಟು ಶಾಖ ಹೋದರೂ ಕುಂಡ ಫ್ರಿಜ್‌ನಷ್ಟು ಯಾಕೆ ತಣ್ಣಗಾಗುವುದಿಲ್ಲ? ಏಕೆಂದರೆ ಕುಂಡ ತಣ್ಣಗಾದಂತೆಲ್ಲ ಸುತ್ತಲಿನ ಬಿಸಿಗಾಳಿಯೂ ಅದಕ್ಕೆ ಶಾಖ ಕೊಡುತ್ತಿರುತ್ತದೆ. ಒದ್ದೆ ಬಟ್ಟೆ ಸುತ್ತಿ ಬೀಸಿದ ಥರ್ಮಾಮೀಟರ್ ಎಲ್ಲಿ ನಿಲ್ಲುತ್ತದೋ ಅದಕ್ಕಿಂತ ಕೆಳಗೆ ಕುಂಡ ಇಳಿಯದು. ಬೇಸಿಗೆಯಲ್ಲಿ 34 ಡಿಗ್ರಿ, ಶೇ. 30 ಆರ್ದ್ರತೆ ಇದ್ದರೆ ಆ ಮಿತಿ ಸುಮಾರು 21. ಟೊಮೆಟೊಗೆ ಇದು ಕ್ಷೇಮವೇ. 10 ಡಿಗ್ರಿಗಿಂತ ಕೆಳಗೆ ಬಹಳ ದಿನ ಇಟ್ಟರೆ ಹಣ್ಣು ಕೆಡುತ್ತದೆ.

ಮೇಳದ ದಿನ ಹಾಲ್ ತುಂಬ ಜನ, ಕಿಟಕಿ ಮುಚ್ಚಿತ್ತು, ಗಾಳಿಯಲ್ಲಿ ತೇವ ಏರಿ ಕುಂಡದ ಒಳಗಿನ, ಹೊರಗಿನ ತಾಪದ ವ್ಯತ್ಯಾಸ ಕುಸಿಯಿತು. ಕೈಯಲ್ಲಿದ್ದ ದಿನಚರಿ ಪುಸ್ತಕದ ಅಂಕಿಗಳನ್ನೇ ತೋರಿಸಿದೆ. ಟೇಬಲ್ ಫ್ಯಾನ್ ಒಯ್ಯಬೇಕಿತ್ತು. ಮಳೆಗಾಲದಲ್ಲಿ 28 ಡಿಗ್ರಿ, ಶೇ. 80 ಆರ್ದ್ರತೆ ಇದ್ದರೆ ಮಿತಿಯೇ 25ರ ಆಸುಪಾಸು, ಅಂದರೆ ಮೂರು ಡಿಗ್ರಿ ಲಾಭ. ಈ ಸಾಲನ್ನು ನನ್ನ ಚಾರ್ಟ್‌ನಲ್ಲಿ ಬರೆದಿರಲಿಲ್ಲ. ಈಗ ಮೊದಲ ಸಾಲಿನಲ್ಲೇ ಬರೆಯುತ್ತೇನೆ.