ಸರಾಸರಿಯ ಹೈಪಾಥಿಸಿಸ್ ಟೆಸ್ಟ್: ಮೊದಲ ಎರಡು ಸಾಲು ಸರಿಯಾಗಿ ಬರೆಯಿರಿ

ಹೈಪಾಥಿಸಿಸ್ ಟೆಸ್ಟ್ (ಕೆಲವನ್ನಷ್ಟೇ ಅಳೆದು ಇಡೀ ಸಮೂಹದ ಬಗೆಗಿನ ಊಹೆಯನ್ನು ಪರೀಕ್ಷಿಸುವುದು) ಎಂದೊಡನೆ ಕ್ಯಾಲ್ಕುಲೇಟರ್‌ಗೆ ಕೈಹಾಕುವವರೇ ಹೆಚ್ಚು. ಆದರೆ ಸೂತ್ರದಲ್ಲಿ ತಪ್ಪುವವರು ಕಡಿಮೆ; ಎಡವುವುದೆಲ್ಲ ಎಚ್ ನಾಟ್ (‘ವ್ಯತ್ಯಾಸವಿಲ್ಲ’ ಎಂಬ ಊಹೆ), ಎಚ್ ಒನ್ (ನಿಮ್ಮ ಅನುಮಾನ) ಬರೆಯುವ ಎರಡು ಸಾಲಿನಲ್ಲಿ.

ಬಾಟಲಿಯ ಮೇಲೆ 500 ಮಿ.ಲೀ. ಎಂದಿದೆ, ಯಂತ್ರ ಕಡಿಮೆ ತುಂಬುತ್ತಿದೆ ಎಂಬ ಅನುಮಾನ ಎಂದಿಟ್ಟುಕೊಳ್ಳಿ.

ಹಂತ 1: ಯಾವುದರ ಸರಾಸರಿ ಎಂದು ಬರೆಯಿರಿ. ‘ಮ್ಯೂ ಅಂದರೆ ಈ ಯಂತ್ರ ತುಂಬುವ ಎಲ್ಲ ಬಾಟಲಿಗಳ ಸರಾಸರಿ.’ ಇಷ್ಟು ಸಾಕು.

ಹಂತ 2: ಸಮ ಚಿಹ್ನೆ ಯಾವತ್ತೂ ಎಚ್ ನಾಟ್‌ನ ಪಾಲು: ಮ್ಯೂ = 500. ಅನುಮಾನ ಎಚ್ ಒನ್‌ಗೆ: ಮ್ಯೂ < 500. ಮ್ಯೂ ಜಾಗದಲ್ಲಿ ಎಕ್ಸ್ ಬಾರ್ ಬರೆದರೆ ಕೆಟ್ಟಿತು. ಎಕ್ಸ್ ಬಾರ್ ಎಂದರೆ ಸ್ಯಾಂಪಲ್‌ನ, ಅಂದರೆ ಅಳೆಯಲು ಆರಿಸಿದ ಬಾಟಲಿಗಳ, ಸರಾಸರಿ; ಅದು ಅಳೆದರೆ ಸಿಗುತ್ತದೆ, ಅದಕ್ಕೇಕೆ ಊಹೆ?

ಇನ್ನು ಚಿಹ್ನೆಯ ದಿಕ್ಕು. ‘ಕಡಿಮೆಯೇ?’, ‘ಹೆಚ್ಚೇ?’, ‘ಬೇರೆಯೇ?’ ಇವುಗಳಲ್ಲಿ ನಿಮ್ಮ ಪ್ರಶ್ನೆ ಯಾವುದೋ ಅದರಂತೆ <, > ಅಥವಾ ≠. ಅಂಕಿ ನೋಡಿದ ಮೇಲೆ ಇದನ್ನು ಆರಿಸುವುದು ಶುದ್ಧ ಮೋಸ. 25 ಬಾಟಲಿ ಅಳೆದು ಸರಾಸರಿ 496.4, ಸ್ಟ್ಯಾಂಡರ್ಡ್ ಡೀವಿಯೇಷನ್ (ಅಳತೆಗಳು ಎಷ್ಟು ಹರಡಿವೆ ಎಂಬ ಲೆಕ್ಕ) 10 ಬಂತೆನ್ನಿ. 10ನ್ನು 25ರ ವರ್ಗಮೂಲದಿಂದ ಭಾಗಿಸಿದರೆ 2, 3.6ರ ಕೊರತೆಯನ್ನು ಅದರಿಂದ ಭಾಗಿಸಿದರೆ ಗಡಿಯೊಂದಿಗೆ ಹೋಲಿಸುವ ಅಂಕಿ, ಟಿ = −1.8. ಶೇ 5ರ ಮಟ್ಟದಲ್ಲಿ, 24 ಡಿಗ್ರೀಸ್ ಆಫ್ ಫ್ರೀಡಂಗೆ (ಬಾಟಲಿಗಳ ಸಂಖ್ಯೆಗಿಂತ ಒಂದು ಕಡಿಮೆ) ಒಂದು ಬದಿಯ, ಅಂದರೆ ‘ಕಡಿಮೆಯೇ?’ ಎಂಬ ಪ್ರಶ್ನೆಯ ಗಡಿ −1.711. ದಾಟಿತು, ಎಚ್ ನಾಟ್ ಬಿತ್ತು. ಎರಡು ಬದಿಯ (≠) ಪರೀಕ್ಷೆಗೆ ಗಡಿ ±2.064. ದಾಟಲಿಲ್ಲ, ಎಚ್ ನಾಟ್ ಉಳಿಯಿತು. ಅವೇ ಬಾಟಲಿ, ತೀರ್ಪು ಮಾತ್ರ ಉಲ್ಟಾ. ಅಂಕಿ ವಾಲಿದ ಕಡೆಗೇ ಚಿಹ್ನೆ ತಿರುಗಿಸುತ್ತ ಹೋದರೆ ಸುಳ್ಳು ಎಚ್ಚರಿಕೆಯ ಸಂಭವ ಶೇ 5 ಅಲ್ಲ, ಶೇ 10. ಸಂದೇಹವಿದ್ದರೆ ಕಣ್ಣುಮುಚ್ಚಿ ≠ ಹಾಕಿ. ಅಂದ ಹಾಗೆ, ‘ಆರ್’ ತಂತ್ರಾಂಶದ ಟಿ ಟೆಸ್ಟ್‌ಗೆ ದಿಕ್ಕು ಹೇಳದಿದ್ದರೆ ಅದು ಎರಡು ಬದಿಯದನ್ನೇ ಲೆಕ್ಕ ಹಾಕುತ್ತದೆ.

ಹಂತ 3: ಆಲ್ಫಾ 0.05. ಸುಳ್ಳು ಎಚ್ಚರಿಕೆಗೆ ನೀವು ಒಪ್ಪುವ ಸಂಭವ, ಅಂದರೆ ಮೇಲಿನ ಶೇ 5. ಇದನ್ನೂ ಅಂಕಿ ನೋಡುವ ಮೊದಲೇ ಬರೆಯಿರಿ.

ಹಂತ 4: ಝಡ್ ಟೆಸ್ಟೋ, ಟಿ ಟೆಸ್ಟೋ? ಇಡೀ ಸಮೂಹದ ಸಿಗ್ಮಾ (ಸ್ಟ್ಯಾಂಡರ್ಡ್ ಡೀವಿಯೇಷನ್) ನಿಜಕ್ಕೂ ಗೊತ್ತಿದ್ದರೆ ಝಡ್. ಅದು ಗೊತ್ತಿರುವುದು ತೀರಾ ಅಪರೂಪ, ಹಾಗಾಗಿ ಟಿ. ‘ಸ್ಯಾಂಪಲ್ 30 ದಾಟಿದರೆ ಝಡ್’ ಎಂಬ ಗೈಡ್ ಪುಸ್ತಕದ ಅಡ್ಡದಾರಿ ಕೋಷ್ಟಕ ತಿರುವುವ ಕಾಲಕ್ಕೆ ಸರಿ, ಈಗ ಬೇಕಿಲ್ಲ. 1908ರಲ್ಲಿ ಸಂಖ್ಯಾಶಾಸ್ತ್ರಜ್ಞ ಗಾಸೆಟ್ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಟಿಯ ದಾರಿ ತೋರಿಸಿದ್ದೇ ಸಣ್ಣ ಸ್ಯಾಂಪಲ್‌ಗಳಿಗಾಗಿ. ಆದರೆ ಸ್ಯಾಂಪಲ್ ರ‍್ಯಾಂಡಮ್ ಆಗಿರಲೇಬೇಕು; ಸಣ್ಣದಾದರೆ ಚುಕ್ಕಿ ಚಿತ್ರ ಬರೆದು, ದೂರ ಸಿಡಿದ ಅಂಕಿ ಇದೆಯೇ ನೋಡಿ.

ಹಂತ 5: ಗಡಿ ದಾಟದಿದ್ದರೆ ‘ಎಚ್ ನಾಟ್ ಸಾಬೀತಾಯಿತು’ ಎಂದು ಬರೆಯಬೇಡಿ. ‘ಸರಾಸರಿ 500ಕ್ಕಿಂತ ಕಡಿಮೆ ಎನ್ನಲು ಸಾಕಷ್ಟು ಪುರಾವೆ ಇಲ್ಲ’ ಎಂದು ಬರೆಯಿರಿ, ಬಾಟಲಿ, ಮಿ.ಲೀ. ಎಲ್ಲ ಸೇರಿಸಿ.